ರೇಡ್-1 ಒಡೆದಿದೆ, ಐದು ತಿಂಗಳ ಮದುವೆ ಫೋಟೊ ಕನ್ನಡಿಯೊಳಗಿನ ಗಂಟು. ಈ ಕಮಾಂಡ್ ಹೊಡೆಯಲಾ, ಬೇಡವಾ?

ಬೆಳಕಿಂಡಿ · ಜೂನ್ 24, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಫೋಟೊ ಸ್ಟುಡಿಯೊ. ಹಳೇ ಪಿಸಿಗೆ ಉಬುಂಟು ಲಿನಕ್ಸ್ ಹಾಕಿ, ಎರಡು 4 ಟಿಬಿ ಡಿಸ್ಕ್ ಕೂರಿಸಿ, ಎಂಡಿಆಡ್ಮ್ ಅನ್ನೋ ಕಮಾಂಡ್‌ನಲ್ಲಿ ರೇಡ್-1 (ಒಂದೇ ಡೇಟಾ ಎರಡೂ ಡಿಸ್ಕ್‌ನಲ್ಲಿ, ಕನ್ನಡಿಯ ಹಾಗೆ) ಮಾಡಿಕೊಟ್ಟಿದ್ದ ಗೆಳೆಯ. "ಒಂದು ಸತ್ರೂ ಇನ್ನೊಂದು ಇರುತ್ತೆ, ಆರಾಮಾಗಿ ನಿದ್ದೆ ಮಾಡು" ಅಂದಿದ್ದ. ಮಾಡಿದೆ.

ಕಳೆದ ವಾರ ಕ್ಯಾಬಿನೆಟ್ ಬದಲಾಯಿಸಿ, ಹೊಸ ಎಸ್‌ಎಸ್‌ಡಿಗೆ ಉಬುಂಟು ಹೊಸದಾಗಿ ಹಾಕಿದೆ. ಡಿಸ್ಕ್ ಜೋಡಿಯ ಹೆಸರು ಎಂಡಿ0 ಅಂತ ಬರಬೇಕಾದ ಕಡೆ ಎಂಡಿ127 ಅಂತ ಬಂತು. ಹೆಸರು ಏನಾದರೇನು ಅಂತ ಅದನ್ನೇ ಮೌಂಟ್ ಮಾಡಿ (ಫೈಲ್ ಕಾಣುವ ಹಾಗೆ ತೆರೆದು) ನಾಲ್ಕು ದಿನ ಕೆಲಸವೂ ಮಾಡಿದೆ: ಒಂದು ನಾಮಕರಣ, ಒಂದಷ್ಟು ಪಾಸ್‌ಪೋರ್ಟ್ ಫೋಟೊ. ಇವತ್ತು ಗಿರಾಕಿಯೊಬ್ಬರು ಏಪ್ರಿಲ್ ಮದುವೆಯ ಆಲ್ಬಂ ಕೇಳಿದರು. ಹುಡುಕಿದರೆ ಫೋಲ್ಡರೇ ಇಲ್ಲ. ಸಂಕ್ರಾಂತಿ ಆದಮೇಲಿನದು ಒಂದೇ ಒಂದು ಫೈಲ್ ಇಲ್ಲ! ಕೈಕಾಲು ತಣ್ಣಗಾಯಿತು.

ಡಬ್ಬ ಬಿಚ್ಚಿ ನೋಡಿದರೆ ಒಂದು ಡಿಸ್ಕ್‌ನ ಪವರ್ ಕನೆಕ್ಟರ್ ಸರಿಯಾಗಿ ಕೂತೇ ಇರಲಿಲ್ಲ. ಆಫ್ ಮಾಡಿ ಗಟ್ಟಿ ಮಾಡಿದ್ದೇನೆ. ಈಗ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಎರಡೂ ಕಾಣುತ್ತಿವೆ. ಯಾವುದನ್ನೂ ಮೌಂಟ್ ಮಾಡಿಲ್ಲ.

ಫೋಟೊಗ್ರಾಫರ್‌ಗಳ ವಾಟ್ಸಾಪ್ ಗ್ರೂಪಲ್ಲಿ ಒಬ್ಬರು ಈ ಕಮಾಂಡ್ ಕೊಟ್ಟರು, ಹೊಡೆಯಲಾ? (ಎಸ್‌ಡಿಬಿ, ಎಸ್‌ಡಿಸಿ ಅಂದರೆ ನನ್ನ ಎರಡು ಡಿಸ್ಕ್, 1 ಅಂದರೆ ಅದರ ಒಂದನೇ ಪಾರ್ಟಿಷನ್.)

ಎಂಡಿಆಡ್ಮ್ --ಕ್ರಿಯೇಟ್ ಎಂಡಿ0 --ಲೆವೆಲ್=1 --ರೇಡ್-ಡಿವೈಸಸ್=2 ಎಸ್‌ಡಿಸಿ1 ಎಸ್‌ಡಿಬಿ1

ಹುಬ್ಳಿ_ಹೈದ · ರಾತ್ರಿ 10:43

ಬ್ಯಾಡ್ರಿ ಬ್ಯಾಡ್ರಿ ಬ್ಯಾಡ್ರಿ. ಕೀಬೋರ್ಡ್‌ನಿಂದ ಕೈ ತಗೀರಿ ಮೊದ್ಲ.

ಟರ್ಮಿನಲ್_ತಾತ · ರಾತ್ರಿ 10:51

ಆ ಕಮಾಂಡ್ ಕೊಟ್ಟವರಿಗೆ ನನ್ನ ಸಾಷ್ಟಾಂಗ. --ಕ್ರಿಯೇಟ್ ಅಂದರೆ ಇದ್ದದ್ದನ್ನು ಜೋಡಿಸು ಅಂತಲ್ಲ, ಹೊಸದಾಗಿ ಕಟ್ಟು ಅಂತ. ಹಳೇ ಸೂಪರ್‌ಬ್ಲಾಕ್ (ಈ ಡಿಸ್ಕ್ ಯಾವ ಜೋಡಿಯದ್ದು ಅನ್ನೋ ಗುರುತು) ಅಳಿಸಿ ಹೊಸದು ಬರೆದು, ಮೊದಲು ಹೆಸರಿಸಿದ ಡಿಸ್ಕ್‌ನಿಂದ ಎರಡನೆಯದಕ್ಕೆ ನಕಲು ಶುರು ಮಾಡುತ್ತದೆ. ನಿಮ್ಮ ಕಮಾಂಡ್‌ನಲ್ಲಿ ಮೊದಲಿರುವುದು ಎಸ್‌ಡಿಸಿ1. ಅದೇ ಹಳೇ ಡಿಸ್ಕ್ ಆಗಿದ್ದರೆ ಐದು ತಿಂಗಳ ಕೆಲಸದ ಮೇಲೆ ಜನವರಿಯ ಸುಣ್ಣ ಬಳಿದ ಹಾಗೆ. ಮಧ್ಯೆ "ಇದು ಈಗಾಗಲೇ ಒಂದು ಅರೇಯ (ಡಿಸ್ಕ್ ಜೋಡಿಯ) ಭಾಗ, ಮುಂದುವರಿಯಲಾ" ಅಂತ ಒಮ್ಮೆ ಕೇಳುತ್ತದೆ. ಗಾಬರಿಯಲ್ಲಿರುವವನು ವೈ ಒತ್ತಿಯೇ ಒತ್ತುತ್ತಾನೆ.

ಓದುವ ಕಮಾಂಡ್‌ಗಳು ಮಾತ್ರ ಹೊಡೆಯಿರಿ. ಎರಡಕ್ಕೂ ಬೇರೆಬೇರೆಯಾಗಿ ಎಂಡಿಆಡ್ಮ್ --ಎಕ್ಸಾಮಿನ್ (ಆ ಸೂಪರ್‌ಬ್ಲಾಕ್ ಓದಲು), ಆಮೇಲೆ ಸ್ಮಾರ್ಟ್‌ಸಿಟಿಎಲ್ -ಎ (ಡಿಸ್ಕ್‌ನ ಆರೋಗ್ಯ ನೋಡಲು). ಫಲಿತಾಂಶ ಇಲ್ಲಿ ಹಾಕಿ. ಲೈವ್ ಪೆನ್‌ಡ್ರೈವ್ ತಾನಾಗಿಯೇ ಎಂಡಿ ಏನಾದರೂ ಎಬ್ಬಿಸಿದ್ದರೆ ಮೊದಲು --ಸ್ಟಾಪ್ ಮಾಡಿ. ಎಂಡಿಆಡ್ಮ್.ಕಾನ್ಫ್ ಅನ್ನೋ ಸೆಟ್ಟಿಂಗ್ ಫೈಲ್‌ನಲ್ಲಿ "ಆಟೊ -ಆಲ್" ಅನ್ನೋ ಸಾಲು ಬರೆದರೆ ಕಂಡಕಂಡದ್ದನ್ನು ಜೋಡಿಸುವ ಚಟ ನಿಲ್ಲುತ್ತದೆ.

ಬೂಟ್‌ಲೂಪ್ · ರಾತ್ರಿ 10:58

ಕ್ರಿಯೇಟ್ ಯಾಕೆ ಗುರು, ಸುಮ್ನೆ --ಆಡ್ ಮಾಡಿದ್ರೆ ಸಾಕು. ಎರಡನೇ ಡಿಸ್ಕ್ ಆಡ್ ಮಾಡು, ತಾನೇ ಸಿಂಕ್ ಆಗುತ್ತೆ. ಕಾಫಿ ಕುಡಿದು ಬಾ.

ಕಡಲಕರೆ · ರಾತ್ರಿ 11:02

ಎಂತ ಮಾರಾಯ್ರೆ ನೀವು! ಸಿಂಕ್ ಆಗ್ತದೆ, ಸರಿ. ಯಾವುದರಿಂದ ಯಾವುದಕ್ಕೆ? ಈಗ ಓಡುತ್ತಿರುವ ಡಿಸ್ಕ್‌ನಿಂದ ಆಡ್ ಮಾಡಿದ ಡಿಸ್ಕ್‌ಗೆ. ಅವರಲ್ಲಿ ಓಡ್ತಾ ಇದ್ದದ್ದೇ ಹಳತು. ಕಾಫಿ ಕುಡಿದು ಬರುವಾಗ ಏಪ್ರಿಲ್ ಮದುವೆಯವರ ತಾಳಿ ಕಟ್ಟಿದ್ದೇ ಸುಳ್ಳಾಗಿರ್ತದೆ.

ಬೂಟ್‌ಲೂಪ್ · ರಾತ್ರಿ 11:04

ಓಹ್. ಸರಿ, ಆ ಆ್ಯಂಗಲ್ ಯೋಚನೆ ಮಾಡಿರ್ಲಿಲ್ಲ.

ಬೆಳಕಿಂಡಿ · ರಾತ್ರಿ 11:30

ಕೈ ನಡುಗುತ್ತಾ ಬರೆಯುತ್ತಿದ್ದೇನೆ. ಮುಖ್ಯ ಅನ್ನಿಸಿದ್ದು ಮಾತ್ರ:

ಎಸ್‌ಡಿಬಿ1: ಈವೆಂಟ್ಸ್ 48211, ಅಪ್‌ಡೇಟ್ ಟೈಮ್ ಜೂನ್ 19, ಡಿವೈಸ್ ರೋಲ್ 0, ಅರೇ ಸ್ಟೇಟ್ "ಎ."
ಎಸ್‌ಡಿಸಿ1: ಈವೆಂಟ್ಸ್ 9047, ಅಪ್‌ಡೇಟ್ ಟೈಮ್ ಜೂನ್ 24, ಡಿವೈಸ್ ರೋಲ್ 1, ಅರೇ ಸ್ಟೇಟ್ ".ಎ"

ಅರೇ ಯುಯುಐಡಿ (ಗುರುತಿನ ಸಂಖ್ಯೆ) ಎರಡರಲ್ಲೂ ಒಂದೇ. ಮೆಟಾಡೇಟಾ 1.2, ಡೇಟಾ ಆಫ್‌ಸೆಟ್ 262144 ಸೆಕ್ಟರ್. ಫೈಲ್‌ಸಿಸ್ಟಂ ಎಕ್ಸ್ಟ್4.

ಸ್ಮಾರ್ಟ್: ಎಸ್‌ಡಿಬಿಯಲ್ಲಿ 197ನೇ ಸಾಲು, ಕರೆಂಟ್ ಪೆಂಡಿಂಗ್ ಸೆಕ್ಟರ್, 8. ಎಸ್‌ಡಿಸಿಯಲ್ಲಿ ಅದು ಸೊನ್ನೆ, ಆದರೆ 199ನೇ ಸಾಲು, ಯುಡಿಎಂಎ ಸಿಆರ್‌ಸಿ ಎರರ್, 312.

ಬೂಟ್‌ಲೂಪ್ · ರಾತ್ರಿ 11:33

ಅಪ್‌ಡೇಟ್ ಟೈಮ್ ನೋಡಿದ್ರೆ ಎಸ್‌ಡಿಸಿನೇ ಹೊಸದಲ್ವಾ? ಜೂನ್ 24.

ಹುಬ್ಳಿ_ಹೈದ · ರಾತ್ರಿ 11:35

ಅಲ್ಲೋ ಮಾರಾಯ, ಈವೆಂಟ್ಸ್ (ಅರೇ ಎಷ್ಟ್ ಸಲ ಬದಲಾತು ಅನ್ನೋ ಎಣಿಕಿ) ನೋಡಬೇಕು. 48211 ದೊಡ್ಡದು. ಎಸ್‌ಡಿಬಿನ ಹೊಸದು. ಅದನ್ನ ಇಟ್ಕೊಂಡು ಇನ್ನೊಂದನ್ನ ಒರೆಸಿಬಿಡ್ರಿ, ಮುಗೀತು.

ಟರ್ಮಿನಲ್_ತಾತ · ರಾತ್ರಿ 11:52

ಇಬ್ಬರೂ ಅರ್ಧ ಸರಿ. ಪೂರ್ತಿ ಅನಾಹುತ ಆಗುವುದು ಅಂಥ ಕಡೆಯೇ.

ನಡೆದದ್ದು ಇಷ್ಟು ಅಂತ ನನ್ನ ಅಂದಾಜು. ಜನವರಿಯಲ್ಲಿ ಎಸ್‌ಡಿಸಿ ಅರೇಯಿಂದ ಬಿದ್ದುಹೋಗಿದೆ. 199ನೇ ಸಾಲಿನ 312 (ದಾರಿಯಲ್ಲಿ ಡೇಟಾ ಕೆಟ್ಟ ಲೆಕ್ಕ) ನೋಡಿದರೆ ಡಿಸ್ಕನ್ನು ಪಿಸಿಗೆ ಜೋಡಿಸುವ ಸಾಟಾ ಕೇಬಲ್ಲೇ ಆರೋಪಿ, ಡಿಸ್ಕ್ ಅಲ್ಲ. ಅಲ್ಲಿಂದ ಎಸ್‌ಡಿಬಿ ಒಂದೇ ಕಾಲಲ್ಲಿ ಓಡಿದೆ. ಒಳಗೆ [ಯು_], ಅಂದರೆ ಎರಡರಲ್ಲಿ ಒಂದು ಇಲ್ಲ, ಅಂತ ತೋರಿಸುತ್ತಲೇ ಇತ್ತು, ನೋಡುವವರಿರಲಿಲ್ಲ. ಜೂನ್ 19ಕ್ಕೆ ಕ್ಯಾಬಿನೆಟ್ ಬದಲಾಯಿತು. ಎಸ್‌ಡಿಬಿಗೆ ಪವರ್ ಇಲ್ಲ. ಹೊಸ ಕೇಬಲ್ ಸಿಕ್ಕಿ ಎಸ್‌ಡಿಸಿ ಎದ್ದು ಕೂತಿತು. ಅದರ ಪ್ರಕಾರ ಜೊತೆಗಾರ ಕಾಣೆ, ತಾನೇ ಯಜಮಾನ. ಸಿಸ್ಟಂ ಸ್ವಲ್ಪ ಹೊತ್ತು ಕಾದು ಅದೊಂದನ್ನೇ ಎಬ್ಬಿಸಿತು. ನೀವು ಅದರ ಮೇಲೆ ನಾಲ್ಕು ದಿನ ಬರೆದಿರಿ.

ಅಂದರೆ ಈಗ ಇದು ಕನ್ನಡಿಯೇ ಅಲ್ಲ. ಜನವರಿಯಲ್ಲಿ ಪಾಲಾದ ಅಣ್ಣತಮ್ಮಂದಿರು. ಒಬ್ಬನ ಕೈಯಲ್ಲಿ ಜನವರಿಯಿಂದ ಜೂನ್ 19ರ ತನಕದ ಲೆಕ್ಕ, ಇನ್ನೊಬ್ಬನ ಕೈಯಲ್ಲಿ ಕೊನೇ ನಾಲ್ಕು ದಿನದ ಲೆಕ್ಕ. ಅರೇ ಸ್ಟೇಟ್ ನೋಡಿ: ಒಂದು "ಎ." ಅನ್ನುತ್ತದೆ, ಇನ್ನೊಂದು ".ಎ" ಅನ್ನುತ್ತದೆ. ಇಬ್ಬರೂ "ಅವನು ಸತ್ತ, ನಾನಿದ್ದೇನೆ" ಅಂತಿದ್ದಾರೆ. ಬೇರೆಯಾದ ಮೇಲೆ ಈವೆಂಟ್ಸ್ ಎರಡು ಕಡೆಯೂ ತಮ್ಮ ಪಾಡಿಗೆ ಏರುತ್ತವೆ, ಆ ಎರಡು ಅಂಕಿ ಹೋಲಿಸಿ ತೀರ್ಪು ಕೊಡಲು ಬರುವುದಿಲ್ಲ. ಅಪ್‌ಡೇಟ್ ಟೈಮ್ ಕೂಡ ಹಾಗೆಯೇ. ಎಸ್‌ಡಿಸಿ ಉಳಿಸಿದರೆ ಮದುವೆಗಳು ಹೋದವು. ಎಸ್‌ಡಿಬಿ ಉಳಿಸಿ ಇದನ್ನು ಒರೆಸಿದರೆ ನಾಮಕರಣ ಹೋಯಿತು. ಎರಡನ್ನೂ ಪ್ರತ್ಯೇಕ ಡಿಸ್ಕ್ ಅಂತಲೇ ಓದಿ, ಫೈಲ್ ಮಟ್ಟದಲ್ಲಿ ಕೂಡಿಸಬೇಕು. ಅಲ್ಲಿಯ ತನಕ ರೇಡ್ ಅನ್ನೋ ಪದವನ್ನೇ ಮರೆತುಬಿಡಿ.

ಬೆಳಕಿಂಡಿ · ರಾತ್ರಿ 11:58

ತಾತಾ, ಜನವರಿಯಲ್ಲಿ ಒಂದು ದಿನ ಪಿಸಿ ಹ್ಯಾಂಗ್ ಆಗಿತ್ತು. ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋಯಿತು ಅಂತ ಬಿಟ್ಟಿದ್ದೆ. ಅವತ್ತೇ ಇರಬೇಕು.

ಮಳೆಹನಿ · ರಾತ್ರಿ 12:10

ನಾಮಕರಣದ ಕ್ಯಾಮೆರಾ ಕಾರ್ಡ್ ಇನ್ನೂ ಇದೆಯಾ ಅಣ್ಣಾ? ಫಾರ್ಮ್ಯಾಟ್ ಮಾಡಿದ್ದರೂ ಪರವಾಗಿಲ್ಲ, ಅದರಲ್ಲಿ ಹೊಸದಾಗಿ ಶೂಟ್ ಮಾಡಬೇಡಿ, ತೆಗೆದಿಡಿ. ಫೋಟೊರೆಕ್ ಅನ್ನೋ ರಿಕವರಿ ಸಾಫ್ಟ್‌ವೇರ್‌ನಲ್ಲಿ ವಾಪಸ್ ಬರೋ ಸಾಧ್ಯತೆ ಇದೆ. ನಮ್ಮ ಶಾಲೆಯ ವಾರ್ಷಿಕೋತ್ಸವದ ಕಾರ್ಡ್‌ನಿಂದ ನಾನೇ ತೆಗೆದಿದ್ದೀನಿ. ಫೈಲ್ ಹೆಸರು ಮಾತ್ರ ಬರಲ್ಲ, ಎರಡು ಸಾವಿರ ಫೋಟೊ ಕೂತು ವಿಂಗಡಿಸಬೇಕಾಯ್ತು.

ರೂಟ್_ರಂಗ · ರಾತ್ರಿ 12:15

ರೇಡ್ ಅಂದ್ರೆ ಬ್ಯಾಕಪ್ ಅಲ್ಲ.

ಕಡಲಕರೆ · ರಾತ್ರಿ 12:16

ಬಂದ್ರು ನೋಡಿ. ಮನೆಗೆ ಬೆಂಕಿ ಬಿದ್ದಾಗ "ಬೆಂಕಿಪೊಟ್ಟಣ ಒಲೆ ಹತ್ರ ಇಡಬಾರದಿತ್ತು" ಹೇಳುವವರು.

ರೂಟ್_ರಂಗ · ರಾತ್ರಿ 12:20

ಸತ್ಯ ಹೇಳಿದೆ ಅಷ್ಟೆ. ಅಂದಹಾಗೆ ರೇಡ್‌ನಲ್ಲಿರುವ "ಐ" ಅಕ್ಷರ ಮೊದಲು "ಇನ್‌ಎಕ್ಸ್‌ಪೆನ್ಸಿವ್" ಆಗಿತ್ತು, ಅಂದರೆ ಅಗ್ಗದ್ದು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಬರೆದ ಲೇಖನದಲ್ಲಿ ಹಾಗೇ ಇದೆ. ಆಮೇಲೆ ಅದು "ಇಂಡಿಪೆಂಡೆಂಟ್" ಆಯ್ತು. ಅಗ್ಗದ್ದು ಅಂತ ಹೇಳಿ ದುಬಾರಿ ಪೆಟ್ಟಿಗೆ ಮಾರೋದು ಹೇಗೆ?

ಟರ್ಮಿನಲ್_ತಾತ · ಜೂನ್ 25, ಬೆಳಿಗ್ಗೆ 6:20

ವಿಷಯಕ್ಕೆ ಬರೋಣ. ಎಸ್‌ಡಿಬಿಯಲ್ಲಿ 8 ಪೆಂಡಿಂಗ್ ಸೆಕ್ಟರ್ (ಓದಲು ಸಿಗದ ತುಣುಕು) ಇವೆ ಅಂದಿರಿ. ಐದು ತಿಂಗಳ ಗಂಟು ಇರುವುದೂ ಅದರಲ್ಲೇ. ಹಾಗಾಗಿ ಮೊದಲ ಕೆಲಸ ಅದರ ಪ್ರತಿ ತೆಗೆಯುವುದು. ಮೌಂಟ್ ಕೂಡ ಮಾಡಬೇಡಿ. ಎರಡು ಹೊಸ 4 ಟಿಬಿ ಡಿಸ್ಕ್ ತನ್ನಿ: ಒಂದು ಪ್ರತಿಗೆ, ಇನ್ನೊಂದು ಫೈಲ್‌ಗಳನ್ನು ಕೂಡಿಸಿಡಲು. ಪ್ರತಿಯ ಡಿಸ್ಕ್‌ನಲ್ಲಿ 7814037168 ಸೆಕ್ಟರ್‌ಗಿಂತ ಕಡಿಮೆ ಇರಬಾರದು, 4 ಟಿಬಿ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಅಷ್ಟೇ ಇರುತ್ತದೆ.

ಮಾಮೂಲಿ ನಕಲು ಕಮಾಂಡ್ ಡಿಡಿ ಬೇಡ, ಕೆಟ್ಟ ಡಿಸ್ಕ್‌ಗೆಂದೇ ಇರುವ ಗ್ನೂ ಡಿಡಿರೆಸ್ಕ್ಯೂ ಬಳಸಿ, ಎಲ್ಲೆಲ್ಲಿ ಓದಿದೆ ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಡುವುದು ಮರೆಯಬೇಡಿ. ಅದಿದ್ದರೆ ಮಧ್ಯೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಮೊದಲ ಸುತ್ತು -ಎನ್ ಹಾಕಿ: ಚೆನ್ನಾಗಿರುವುದನ್ನೆಲ್ಲ ಬೇಗ ಬಾಚಿಕೊಂಡು, ಕೆಟ್ಟ ಜಾಗ ಕೆದಕದೆ ಬಿಟ್ಟು ಮುಂದೆ ಹೋಗುತ್ತದೆ. ಎರಡನೇ ಸುತ್ತಿನಲ್ಲಿ -ಆರ್3 ಹಾಕಿ ಆ ಜಾಗಗಳನ್ನು ಕೆದಕಿಸಿ. ಸೆಕೆಂಡಿಗೆ 150 ಎಂಬಿ ಹಿಡಿದರೂ ಏಳೂವರೆ ಗಂಟೆ.

ಶುರು ಮಾಡುವ ಮೊದಲು ಡಿಸ್ಕ್‌ಗಳ ಮೈಮೇಲಿನ ಸೀರಿಯಲ್ ನಂಬರ್ ನೋಡಿ, ಚೀಟಿ ಬರೆದು ಅಂಟಿಸಿ: "ಮದುವೆ", "ನಾಮಕರಣ", "ಹೊಸದು". ಎಸ್‌ಡಿಬಿ, ಎಸ್‌ಡಿಸಿ ಅನ್ನೋ ಹೆಸರು ಪ್ರತಿ ಬೂಟ್‌ನಲ್ಲಿ ಅದಲುಬದಲಾಗಬಹುದು. ಎಷ್ಟು ಜನ ಖಾಲಿ ಡಿಸ್ಕನ್ನು ತುಂಬಿದ ಡಿಸ್ಕ್ ಮೇಲೆ ಶ್ರದ್ಧೆಯಿಂದ ನಕಲು ಮಾಡಿದ್ದಾರೆ ಅಂತ ಕೇಳಬೇಡಿ. ನಾನೂ ಒಬ್ಬ.

ಹುಬ್ಳಿ_ಹೈದ · ಬೆಳಿಗ್ಗೆ 7:05

ತಾತಾರ, ಎರಡು ಹೊಸಾ ಡಿಸ್ಕ್ ಅಂದ್ರ ಸಣ್ಣ ರೊಕ್ಕ ಅಲ್ರಿ. ಓವರ್‌ಲೇ ಮಾಡಿದ್ರ ಆಗೂದಿಲ್ಲೇನು? ಡಿಎಂಸೆಟಪ್‌ನಾಗ ಸ್ನ್ಯಾಪ್‌ಶಾಟ್ ಇಟ್ರ ಬರಿಯೂದೆಲ್ಲ ಬ್ಯಾರೆ ಫೈಲಿಗೆ ಹೋಗ್ತದ, ಡಿಸ್ಕ್ ಹಂಗ ಉಳೀತದ. ನಾ ನಾಕು ಡಿಸ್ಕಿನ ರೇಡ್-5 ಹಂಗ ಉಳಿಸೇನಿ.

ಟರ್ಮಿನಲ್_ತಾತ · ಬೆಳಿಗ್ಗೆ 7:20

ಡಿಸ್ಕ್ ಗಟ್ಟಿ ಇದ್ದಾಗ ಓವರ್‌ಲೇ ಒಳ್ಳೇ ಉಪಾಯ, ಒಪ್ಪಿದೆ. ತಪ್ಪಾಗಿ ಬರೆಯದಂತೆ ಅದು ಕಾಯುತ್ತದೆ. ಸಾಯುತ್ತಿರುವ ಡಿಸ್ಕನ್ನು ಸಾಯದಂತೆ ಕಾಯುವುದಿಲ್ಲ.

ಕಡಲಕರೆ · ಬೆಳಿಗ್ಗೆ 7:31

ಒಂದು ಮದುವೆಯ ಅಡ್ವಾನ್ಸ್‌ನಲ್ಲಿ ಎರಡು ಡಿಸ್ಕ್ ಬರ್ತದೆ. ಇಲ್ಲಿ ಇರುವುದು ಇಡೀ ಸೀಸನ್‌ನ ಮದುವೆ. ಲೆಕ್ಕ ಹಾಕಿ.

ಬೆಳಕಿಂಡಿ · ಬೆಳಿಗ್ಗೆ 8:15

ತರ್ತೀನಿ. ಹೇಗೂ ಆಷಾಢ, ಮುಹೂರ್ತ ಇಲ್ಲ, ಸ್ಟುಡಿಯೊ ಖಾಲಿ. ಮೌಂಟ್ ಮಾಡೋದು ಹೇಗೆ ಅಂತ ಯಾರಾದರೂ ಬಿಡಿಸಿ ಹೇಳಿ.

ಸೊನ್ನೆಒಂದು · ಬೆಳಿಗ್ಗೆ 9:40

ಸ್ಟೋರೇಜ್ ಕೆಲಸದಲ್ಲೇ ಇರುವವನು, ಅದಕ್ಕೆ ಬಾಯಿ ಹಾಕುತ್ತಿದ್ದೇನೆ.

ಪ್ರತಿ ಆದ ಮೇಲೆ ಮೂಲ ಎಸ್‌ಡಿಬಿಯನ್ನು ಬಿಚ್ಚಿ ಬೀರುವಿನಲ್ಲಿಡಿ. ಪ್ರತಿಯಲ್ಲೂ ಅದೇ ಯುಯುಐಡಿ ಇರುತ್ತದೆ, ಎರಡನ್ನೂ ಒಟ್ಟಿಗೆ ಜೋಡಿಸಿದರೆ ಸಿಸ್ಟಂಗೆ ಯಾರು ಯಾರು ಅಂತ ಗೊತ್ತಾಗುವುದಿಲ್ಲ. ಎಸ್‌ಡಿಸಿಯೂ ಅಷ್ಟೇ. ಒಂದು ಹೊತ್ತಿಗೆ ಒಂದೇ ಡಿಸ್ಕ್ ಒಳಗಿರಲಿ.

ಆಮೇಲೆ: ಎಂಡಿಆಡ್ಮ್ --ಅಸೆಂಬಲ್ --ರನ್ --ರೀಡ್‌ಓನ್ಲಿ ಎಂಡಿ5, ಮುಂದೆ ಆ ಡಿಸ್ಕ್‌ನ ಒಂದನೇ ಪಾರ್ಟಿಷನ್. ಜೊತೆಗಾರ ಇಲ್ಲದಿದ್ದರೂ ಎಬ್ಬಿಸು ಅನ್ನುವುದಕ್ಕೆ --ರನ್. ಮೌಂಟ್ ಮಾಡುವಾಗ "-ಒ ಆರ್‌ಒ,ನೋಲೋಡ್". ಬರೀ ಆರ್‌ಒ (ಓದಲು ಮಾತ್ರ) ಸಾಲದು. ಜರ್ನಲ್‌ನಲ್ಲಿ (ಬರೆಯಬೇಕಾದದ್ದರ ದಿನಚರಿಯಲ್ಲಿ) ಬಾಕಿ ಉಳಿದಿದ್ದರೆ ಎಕ್ಸ್ಟ್4 ಆರ್‌ಒ ಮೌಂಟ್‌ನಲ್ಲೂ ಅದನ್ನು ಡಿಸ್ಕ್‌ಗೆ ಬರೆಯಲು ನೋಡುತ್ತದೆ, ಬಹಳ ಜನರಿಗೆ ಇದು ಗೊತ್ತಿಲ್ಲ. ನೋಲೋಡ್ ಹಾಕಿದಾಗ ಕೊನೇ ಕ್ಷಣದ ಒಂದೆರಡು ಫೈಲ್ ವಕ್ರವಾಗಿ ಕಾಣಬಹುದು. ಹಾಗೇನಾದರೂ ಆದರೆ ಪ್ರತಿಯ ಮೇಲೆ ಮಾಮೂಲಿಯಾಗಿ ಮೌಂಟ್ ಮಾಡಿ ನೋಡಿ, ಪ್ರತಿ ಇರುವುದೇ ಅದಕ್ಕೆ.

ಮತ್ತೆ ಆ ಡೇಟಾ ಆಫ್‌ಸೆಟ್ (ಡಿಸ್ಕ್‌ನಲ್ಲಿ ಡೇಟಾ ಶುರುವಾಗುವ ಜಾಗ) 262144 ಬರೆದಿಟ್ಟುಕೊಳ್ಳಿ. "--ಕ್ರಿಯೇಟ್ ಜೊತೆಗೆ --ಅಸ್ಯೂಮ್-ಕ್ಲೀನ್ ಹಾಕಿದರೆ ಏನೂ ಆಗಲ್ಲ" ಅನ್ನುವವರು ಈಗ ಬರುತ್ತಾರೆ. ಸಿಂಕ್ ಆಗುವುದಿಲ್ಲ, ನಿಜ. ಆದರೆ ನನ್ನ ಕಣ್ಣೆದುರೇ ಹಳೇ ಅರೇ 262144ರಲ್ಲಿತ್ತು, ಹೊಸ ಎಂಡಿಆಡ್ಮ್ ಕ್ರಿಯೇಟ್ ಮಾಡುವಾಗ 264192 ಇಟ್ಟಿತು. 2048 ಸೆಕ್ಟರ್, ಅಂದರೆ 1 ಎಂಬಿ ಆಚೆ. ಫೈಲ್‌ಸಿಸ್ಟಂ ಎಲ್ಲಿದೆ ಅಂತಲೇ ಸಿಗಲಿಲ್ಲ. ಅಲ್ಲಿಗೂ ಸುಮ್ಮನಿರದೆ ಆ ಪುಣ್ಯಾತ್ಮ ಫೈಲ್‌ಸಿಸ್ಟಂ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಬೇರೆ ಓಡಿಸಿದ. ಆಮೇಲಿನದು ಹೇಳಲ್ಲ.

ಬೂಟ್‌ಲೂಪ್ · ಬೆಳಿಗ್ಗೆ 9:47

ನಾನು ಅದನ್ನೇ ಟೈಪ್ ಮಾಡ್ತಿದ್ದೆ 😅 ಡಿಲೀಟ್.

ಮಳೆಹನಿ · ಬೆಳಿಗ್ಗೆ 10:05

ಮುಂಚೆಯೇ ಗೊತ್ತಾಗೋಕೆ ದಾರಿ ಇಲ್ವಾ? ಐದು ತಿಂಗಳು ಒಂದೇ ಡಿಸ್ಕಲ್ಲಿ ಓಡಿದ್ರೂ ಕಮಕ್ ಕಿಮಕ್ ಅನ್ನಲಿಲ್ಲ ಅಂದ್ರೆ.

ರೂಟ್_ರಂಗ · ಬೆಳಿಗ್ಗೆ 10:12

ಅನ್ನುತ್ತೆ. ಕಾನ್ಫ್ ಫೈಲ್‌ನಲ್ಲಿ ಮೇಲ್‌ಅಡ್ರ್ ಸಾಲು ಇರಬೇಕು, ಮೇಲ್ ಕಳಿಸೋ ವ್ಯವಸ್ಥೆ ಇರಬೇಕು. ಮನೆ ಪಿಸಿಗಳಲ್ಲಿ ಅದು ರೂಟ್ ಹೆಸರಿಗೆ ಹೋಗಿ ಯಾರೂ ತೆರೆಯದ ಪೆಟ್ಟಿಗೆಯಲ್ಲಿ ಕೊಳೀತಿರುತ್ತೆ. ನಾನು --ಮಾನಿಟರ್‌ಗೆ ಒಂದು ಸ್ಕ್ರಿಪ್ಟ್ ಕಟ್ಟಿ ಟೆಲಿಗ್ರಾಂಗೆ ಬರೋ ಹಾಗೆ ಮಾಡಿದ್ದೀನಿ. --ಟೆಸ್ಟ್ ಹಾಕಿ ಒಮ್ಮೆ ನೋಡಿಕೊಳ್ಳಿ, ನಿಜವಾಗಿಯೂ ಬರುತ್ತಾ ಅಂತ.

ಹುಬ್ಳಿ_ಹೈದ · ಬೆಳಿಗ್ಗೆ 10:30

ಹೊಸಾ ಡಿಸ್ಕ್ ತಗೊಳ್ಳೋ ಮುಂದ ಎಸ್‌ಎಂಆರ್ (ಟ್ರ್ಯಾಕ್ ಒಂದರ ಮ್ಯಾಲೊಂದು ಹೇರಿ ಬರಿಯೋ ನಮೂನಿ) ಐತೇನು ನೋಡ್ರಿ. 2020ರಾಗ ನ್ಯಾಸ್‌ಗೆ (ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗಿಗೆ) ಅಂತ ಮಾರೋ ಡಿಸ್ಕಿನಾಗೂ ಹೇಳದ ಎಸ್‌ಎಂಆರ್ ಹಾಕ್ಯಾರ ಅಂತ ದೊಡ್ಡ ಗದ್ದಲ ಆಗಿತ್ತು. ರೀಬಿಲ್ಡ್ ಮುಂದ ಬಸವನಹುಳ ಆಗ್ತಾವ.

(ಇಲ್ಲಿಂದ ಯುಪಿಎಸ್ ಬ್ಯಾಟರಿ, ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಎಲ್ಲಿ ಚೆನ್ನ ಅಂತ ಹದಿನಾಲ್ಕು ಪ್ರತಿಕ್ರಿಯೆ. ದೋಸೆ ಜಗಳ ಬೇರೆ ಎಳೆಗೆ ಸಾಗಿಸಲಾಗಿದೆ. – ನಿರ್ವಾಹಕ)

ಬೆಳಕಿಂಡಿ · ಜೂನ್ 27, ಸಂಜೆ 6:10

ವರದಿ. ಮೊದಲ ಸುತ್ತು ಎಂಟು ಗಂಟೆ ಹಿಡಿಯಿತು. ಎರಡನೇ ಸುತ್ತೂ ಆದ ಮೇಲೆ ಸಿಗದೇ ಉಳಿದದ್ದು 4096 ಬೈಟ್. ಅಷ್ಟೇ!

ಪ್ರತಿಯನ್ನು ಮೌಂಟ್ ಮಾಡಿದೆ. ಏಪ್ರಿಲ್ ಮದುವೆ ಇದೆ. ಎಲ್ಲಾ ಮದುವೆಗಳೂ ಇವೆ. ಹೆಂಡತಿಯನ್ನು ಕೂಗಿ ತೋರಿಸಿದೆ. ಅವಳು "ಮೊದಲು ಊಟ ಮಾಡಿ" ಅಂದಳು.

ಸೊನ್ನೆಒಂದು · ಸಂಜೆ 6:25

8 ಸೆಕ್ಟರ್ ಇಂಟು 512, ಸರಿಯಾಗಿ 4096. ಒಳಗೆ 4096 ಬೈಟ್‌ನ ಒಂದೇ ಒಂದು ಭೌತಿಕ ಸೆಕ್ಟರ್ ಕೆಟ್ಟಿದೆ. ಅದು ಯಾವ ಫೈಲ್‌ನದ್ದು ಅಂತ ಹುಡುಕಬೇಕಾದರೆ ಡಿಡಿರೆಸ್ಕ್ಯೂ ಫಿಲ್ ಮೋಡ್ ಬಳಸಿ: ಪ್ರತಿಯಲ್ಲಿ ಆ ಖಾಲಿ ಜಾಗಕ್ಕೆ ಯಾವುದಾದರೂ ವಿಚಿತ್ರ ಪದ ತುಂಬಿಸಿ, ಆಮೇಲೆ ಗ್ರೆಪ್‌ನಲ್ಲಿ ಅದೇ ಪದ ಹುಡುಕಿ.

ಬೆಳಕಿಂಡಿ · ಜೂನ್ 28, ಮಧ್ಯಾಹ್ನ 1:30

"ಬೆಣ್ಣೆದೋಸೆ" ಅಂತ ತುಂಬಿಸಿದೆ. ಸಿಕ್ಕಿತು. ಮಾರ್ಚ್ ತಿಂಗಳ ಒಂದು ರಿಸೆಪ್ಷನ್‌ನ ರಾ ಫೈಲ್, ಕೆಳಗಿನ ಅರ್ಧ ಬೂದು. ಮೇಲಿನ ಅರ್ಧದಲ್ಲಿ ವರನ ಸೋದರಮಾವ ಬಾಯಿ ತೆರೆದು ಆಕಳಿಸುತ್ತಿದ್ದಾರೆ. ಆಲ್ಬಂಗೆ ಹೇಗೂ ಹೋಗುತ್ತಿರಲಿಲ್ಲ.

ನಾಮಕರಣವೂ ಎಸ್‌ಡಿಸಿಯಿಂದ ಸಿಕ್ಕಿತು. ಜೂನ್ 19ರ ನಂತರ ಬದಲಾದದ್ದನ್ನು ಫೈಂಡ್‌ನಲ್ಲಿ -ನ್ಯೂಯರ್‌ಎಂಟಿ ಹಾಕಿ ಪಟ್ಟಿ ಮಾಡಿ, ಆರ್‌ಸಿಂಕ್ ಮೊದಲು -ಎನ್ ಹಾಕಿ ಸುಮ್ಮನೆ ಓಡಿಸಿ ನೋಡಿ, ಆಮೇಲೆ ನಕಲು ಮಾಡಿದೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ: ಗಿರಾಕಿಗಳ ಬಾಕಿ ಲೆಕ್ಕದ ಶೀಟ್ ಎರಡರಲ್ಲೂ ಇದೆ, ಎರಡರಲ್ಲೂ ಬೇರೆಬೇರೆ ತಿದ್ದಿದ್ದೇನೆ. ಹೊಸ ದಿನಾಂಕದ್ದು ಎಸ್‌ಡಿಸಿಯದ್ದು. ಅದನ್ನೇ ಇಟ್ಟುಕೊಂಡರೆ?

ಟರ್ಮಿನಲ್_ತಾತ · ಮಧ್ಯಾಹ್ನ 1:42

ಇಟ್ಟುಕೊಂಡರೆ ಜನವರಿಯಿಂದ ಬರಬೇಕಾದ ಬಾಕಿಯೆಲ್ಲ ಮಾಫಿ. ನಿಮ್ಮ ಗಿರಾಕಿಗಳು ನಿಮ್ಮನ್ನು ಹರಸುತ್ತಾರೆ. ಎರಡನ್ನೂ ತೆರೆದಿಟ್ಟುಕೊಂಡು ಕೈಯಲ್ಲೇ ಸೇರಿಸಿ, ಅದಕ್ಕೆ ಕಮಾಂಡ್ ಇಲ್ಲ.

ಕಡಲಕರೆ · ಮಧ್ಯಾಹ್ನ 1:50

ಎಲ್ಲಾ ಫೈಲ್ ಆ ಮೂರನೇ ಡಿಸ್ಕ್‌ಗೆ, ಕೂಡಿಸಿಡಲು ತಂದ ಹೊಸದಕ್ಕೆ, ಬಂತಾ? ಹತ್ತಿಪ್ಪತ್ತು ತೆರೆದು ನೋಡಿದ್ರಾ? ಫೋಲ್ಡರ್ ಕಂಡರೆ ಸಾಲದು, ಫೋಟೊ ಕಾಣಬೇಕು.

ಬೆಳಕಿಂಡಿ · ಸಂಜೆ 5:00

ನೋಡಿದೆ. ಲೆಕ್ಕದ ಶೀಟ್ ಕೂಡ ಕೂತು ಸೇರಿಸಿದೆ. ಎಸ್‌ಡಿಸಿಯ ಹಳೇ ಸಾಟಾ ಕೇಬಲ್ ಕತ್ತರಿಸಿ ಬಿಸಾಕಿದೆ, ಮತ್ತೆ ಯಾರೂ ಬಳಸದ ಹಾಗೆ. ಈಗ ಜೋಡಿ ಮಾಡಬಹುದಾ?

ಟರ್ಮಿನಲ್_ತಾತ · ಸಂಜೆ 5:25

ಈಗ ಮಾಡಿ. ಪ್ರತಿಯ ಡಿಸ್ಕ್ ಒಂದನ್ನೇ ಎಂಡಿ0 ಅಂತ ಎಬ್ಬಿಸಿ, ನಾಮಕರಣದ ಫೈಲ್‌ಗಳನ್ನು ಅದಕ್ಕೆ ಸೇರಿಸಿ. ಎಸ್‌ಡಿಸಿ1ಕ್ಕೆ --ಜೀರೊ-ಸೂಪರ್‌ಬ್ಲಾಕ್, ಚೀಟಿ ಎರಡು ಸಲ ಓದಿ ಆಮೇಲೆ ಎಂಟರ್. ನಂತರ --ಆಡ್. ಈ ಸಲ ಸಿಂಕ್ ಯಾವ ಕಡೆಯಿಂದ ಯಾವ ಕಡೆಗೆ ಅಂತ ನಿಮಗೇ ಗೊತ್ತಿದೆ. ಎಂಡಿಆಡ್ಮ್ --ಡೀಟೇಲ್ --ಸ್ಕ್ಯಾನ್ ಕೊಡುವ ಸಾಲನ್ನು ಕಾನ್ಫ್‌ಗೆ ಸೇರಿಸಿ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು ಓಡಿಸಿ, ಇಲ್ಲದಿದ್ದರೆ ಮತ್ತೆ ಎಂಡಿ127 ಅಂತ ಹಾಜರಾಗುತ್ತದೆ. ಮೂರನೇ ಡಿಸ್ಕ್ ಪಿಸಿಯಿಂದ ಬಿಚ್ಚಿ ಮನೆಗೆ ಒಯ್ಯಿರಿ.

ರೂಟ್_ರಂಗ · ಸಂಜೆ 5:27

ಆ ಮೂರನೇದಕ್ಕೇ ಬ್ಯಾಕಪ್ ಅನ್ನೋದು. ಸುಮ್ನೆ ಹೇಳ್ದೆ.

ಬೆಳಕಿಂಡಿ · ರಾತ್ರಿ 10:15

ರಿಕವರಿ 61.4%. ಈಗ ಕರೆಂಟ್ ಹೋಯಿತು. ಯುಪಿಎಸ್ ಮೇಲೆ ಓಡುತ್ತಿದೆ, ಕೀ ಕೀ ಅಂತಿದೆ.

ಹುಬ್ಳಿ_ಹೈದ · ರಾತ್ರಿ 10:17

ಅಂಜಬ್ಯಾಡ್ರಿ. ಕರೆಂಟ್ ಬರದಿದ್ರ ಸರಿಯಾಗಿ ಶಟ್‌ಡೌನ್ ಮಾಡ್ರಿ, ನಿಂತಲ್ಲಿಂದ ಮತ್ತ ಶುರು ಆಗ್ತದ.

ಬೂಟ್‌ಲೂಪ್ · ರಾತ್ರಿ 10:20

ಬ್ರೋ, ಆ ವಾಟ್ಸಾಪ್ ಗ್ರೂಪಲ್ಲಿ ಕ್ರಿಯೇಟ್ ಕಮಾಂಡ್ ಕೊಟ್ಟೋರು ಏನಂದ್ರು?

ಬೆಳಕಿಂಡಿ · ರಾತ್ರಿ 10:52

"ಸರಿ ಹೋಯ್ತಾ? ನಾನು ಹೇಳಿರಲಿಲ್ವಾ" ಅಂದರು. ಕರೆಂಟ್ ಬಂತು. 68%.